ಏಳೂವರೆ ತಲೆ

ನಮ್ಮ ಪುಟ್ಟಸ್ವಾಮಿ ಮೇಷ್ಟ್ರು ಎದುರಿಗಿದ್ದ ಯಾವುದನ್ನೂ ಮೊದಲ ಸಲಕ್ಕೇ ಎರಡು ಕಣ್ಣಿನಿಂದ ನೋಡಿದವರಲ್ಲ. ಬಲಗೈಯನ್ನು ದೊಣ್ಣೆಯ ಹಾಗೆ ಉದ್ದಕ್ಕೆ ಚಾಚಿ, ಮುಷ್ಟಿಯಲ್ಲಿ ಪೆನ್ಸಿಲನ್ನು ನೆಟ್ಟಗೆ ಹಿಡಿದು, ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿ, ಹೆಬ್ಬೆರಳನ್ನು ಪೆನ್ಸಿಲಿನ ಮೇಲೆ ಹತ್ತಿಸುತ್ತ ಇಳಿಸುತ್ತ ನಿಂತುಬಿಡುತ್ತಿದ್ದರು. ತೆಂಗಿನ ಮರವಾದರೂ ಸರಿ, ಬೇಲೂರು ಬಸ್ಸಾದರೂ ಸರಿ, ಗೂಟಕ್ಕೆ ಕಟ್ಟಿದ ಎಮ್ಮೆಯಾದರೂ ಸರಿ, ಮೊದಲು ಅಳತೆ, ಆಮೇಲೆ ಮಾತು. ಹಳೇಬೀಡಿನ ಜನ ಬೆನ್ನ ಹಿಂದೆ ಅವರನ್ನು ‘ಒಂದ್ಕಣ್ಣು ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಕಣ್ಣು ಎರಡೂ ಚೆನ್ನಾಗಿಯೇ ಇದ್ದವು.

ನಮ್ಮದು ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಸಣ್ಣ ದಿನಸಿ ಅಂಗಡಿ. ಅದರ ಪಕ್ಕಕ್ಕೆ ಒಂದು ರೂಮು, ರೂಮಿನ ಮುಂದೆ ಉದ್ದನೆಯ ಜಗಲಿ. ತೊಂಬತ್ತೇಳನೆಯ ಇಸವಿಯೋ ತೊಂಬತ್ತೆಂಟೋ ಇರಬೇಕು, ಒಂದು ಬೆಳಿಗ್ಗೆ ನಾನು ಬೆಲ್ಲ ತೂಗುತ್ತಾ ನಿಂತಿದ್ದೆ. ತಲೆ ಎತ್ತಿದರೆ ರಸ್ತೆಯ ಆ ಕಡೆ ಯಾರೋ ಒಬ್ಬರು ವಯಸ್ಸಾದವರು ನನ್ನ ಕಡೆಗೇ ಕೈ ಚಾಚಿ ಒಂದು ಕಣ್ಣು ಮುಚ್ಚಿಕೊಂಡಿದ್ದಾರೆ! ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ತೂಕದ ಕಲ್ಲನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದೆ.

“ಏನ್ರೀ ಅದು? ತಲೆ ನೆರೆತೈತೆ, ನಾಚಿಕೆ ಆಗಕಿಲ್ವಾ?”

“ತಪ್ಪು ತಿಳೀಬೇಡಿ ಅಮ್ಮಾ. ನಾನು ಡ್ರಾಯಿಂಗ್ ಮೇಷ್ಟ್ರು. ರಿಟೈರ್ಡ್. ರೂಮು ಬಾಡಿಗೆಗಿದೆ ಅಂದ್ರು, ಕೇಳೋಕೆ ಬಂದೆ. ಮನುಷ್ಯ ಅಂದ್ರೆ ಅವನ ತಲೆಯ ಏಳರಷ್ಟು ಉದ್ದ ಇರ್ತಾನೆ, ಸುಮಾರಾಗಿ. ನೀವು ಚೆನ್ನಾಗಿ ನಿಂತಿದ್ರಿ ನೋಡಿ, ಅಳೆದೆ. ನಿಮ್ಮದು ಆರೂಕಾಲು ತಲೆ ಬಂತು.”

ಒಳಗಿನಿಂದ ನಮ್ಮ ಯಜಮಾನರು ಕೂಗಿದರು: “ಅಳತೆ ಸರಿಯಾಗೈತೆ ಸ್ವಾಮಿ! ಮಿಕ್ಕ ಮುಕ್ಕಾಲು ತಲೆ ಬಾಯಿಗೆ ಹೋಗೈತೆ!”

ರೂಮು ಅವರಿಗೇ ಆಯಿತು.

ಅವರು ಗೆಂಡೆಹಳ್ಳಿ ಕಡೆಯವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಊರಿನಲ್ಲಿ ತಮ್ಮನ ಸಂಸಾರ. ದೇವಸ್ಥಾನ ನೋಡುತ್ತ ಕಾಲ ಕಳೆಯೋಣ ಎಂದು ಹಳೇಬೀಡಿಗೆ ಬಂದವರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಮೂರು ಪೆನ್ಸಿಲು, ಅರ್ಧ ಬ್ಲೇಡು. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಪೆನ್ಸಿಲು ಹೆರೆಯುತ್ತಿದ್ದರು. ಮುಳ್ಳಿನಷ್ಟು ಚೂಪು, ಬೆರಳಿನ ಗೆಣ್ಣಿನಷ್ಟು ಉದ್ದದ ಮೊನೆ. ಇನ್ನೊಂದು ಗುಣ ಏನೆಂದರೆ ಅವರ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತು ಬರುತ್ತಲೇ ಇರಲಿಲ್ಲ. ಯಾರು ಏನು ಬರೆದು ತೋರಿಸಿದರೂ “ಹ್ಞೂಂ. ಇನ್ನೊಂದು ಬರಿ” ಅಷ್ಟೇ. ಒಂದು ಹಬ್ಬದ ದಿನ ಎಲೆ ಹಾಕಿ ಒಬ್ಬಟ್ಟು ಬಡಿಸಿ, ಹೇಗಿದೆ ಮೇಷ್ಟ್ರೇ ಎಂದು ಬಾಯಿ ಬಿಟ್ಟು ಕೇಳಿದೆ. “ಹ್ಞೂಂ. ಇನ್ನೊಂದು ಹಾಕಿ” ಎಂದರು.

ಈಗ ನನ್ನ ಮೊಮ್ಮಗಳು ರೂಪನ ಮಾತಿಗೆ ಬರಬೇಕು. ಅವಳ ಮಾತು ತೆಗೆದರೆ ನನ್ನ ಬಾಯಿ ನಿಲ್ಲುವುದಿಲ್ಲ ಎಂದು ಮನೆಯವರೆಲ್ಲ ನಗುತ್ತಾರೆ, ನಗಲಿ. ನನ್ನ ಮಗ ಬಸ್ ಕಂಡಕ್ಟರು, ಅರಸೀಕೆರೆಗೆ ಹೋಗಿಬಂದು ಡ್ಯೂಟಿ ಮಾಡುತ್ತಿದ್ದ. ಅವನ ಮಗಳು ರೂಪ. ಆಗ ಏಳನೇ ಕ್ಲಾಸು, ಹನ್ನೆರಡು ವರ್ಷ. ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಸ್ಕೂಲಿನಲ್ಲಿ ದಡ್ಡಿ ಅಂದರು, ಮನೆಯಲ್ಲಿ ನಾವೂ ಅಂದೆವು. ಎರಡನೇ ಕ್ಲಾಸಿಗೇ ಬಿಟ್ಟ ನಾನು ಅವಳನ್ನು ದಡ್ಡಿ ಅಂದೆ ನೋಡಿ! ಅಂಗಡಿಯಲ್ಲಿ ಕೂರಿಸಿದರೆ ಪೊಟ್ಟಣ ಕಟ್ಟುವ ಕಾಗದದ ಅಂಚಿನಲ್ಲೆಲ್ಲ ಏನೋ ಗೀಚುತ್ತಾ ಕೂತಿರುತ್ತಿದ್ದಳು.

ಒಂದು ದಿನ ಮೇಷ್ಟ್ರು ಹುರಿಗಡಲೆ ಪೊಟ್ಟಣ ತೆಗೆದುಕೊಂಡು ಹೋದವರು ಎರಡೇ ನಿಮಿಷಕ್ಕೆ ವಾಪಸ್ಸು ಬಂದರು. ಕಡಲೆಯೆಲ್ಲ ಎಡಗೈ ಮುಷ್ಟಿಯಲ್ಲಿ, ಕಾಗದ ಬಲಗೈಯಲ್ಲಿ.

“ಅಮ್ಮಾ, ಈ ಬಸವನ್ನ ಬರೆದೋರು ಯಾರು?”

ಇಂಕು ಕಡಲೆಗೆ ಹತ್ತಿತೇನೋ ಎಂದು ನಾನು ಹೆದರಿ, “ಈ ಮುಂಡೇದು ಮಾಡ್ತೈತೆ ಮೇಷ್ಟ್ರೇ, ಬೇರೆ ಕಟ್ಕೊಡ್ತೀನಿ” ಎಂದೆ.

“ಬೇಡ ಬೇಡ. ಕೊಂಬು ಎರಡೂ ತಪ್ಪು, ಕೇಳಿ ಬರೆದ ಹಾಗಿದೆ. ಆದರೆ ಈ ಮೂತಿ ಇದೆಯಲ್ಲ, ಇದು ನೋಡಿ ಬರೆದದ್ದು. ಮಗು, ಡ್ರಾಯಿಂಗ್ ಲೋಯರ್ ಪರೀಕ್ಷೆ ಅಂತ ಒಂದಿದೆ. ಅದು ಪಾಸಾದ್ರೆ ಹೈಯರ್. ಅದಾದ ಮೇಲೆ ಓದಿದ್ರೆ ಡ್ರಾಯಿಂಗ್ ಟೀಚರ್ ಆಗಬಹುದು. ಅದಕ್ಕೆ ಲೆಕ್ಕ ಬೇಕಾಗಿಲ್ಲ. ಭಾನುವಾರ ಜಗಲಿಗೆ ಬಾ.”

ಆ ‘ಲೆಕ್ಕ ಬೇಕಾಗಿಲ್ಲ’ ಎಂಬ ಮಾತಿಗೆ ನನ್ನ ರೂಪನ ಮುಖ ಅರಳಿದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ.

ರೂಪನ ಹಿಂದೆ ಇನ್ನೂ ಐದು ಹುಡುಗಿಯರು ಸೇರಿದರು. ಅವರಲ್ಲಿ ಒಬ್ಬಳು ನಾಗರತ್ನ, ನಮ್ಮ ಹಿಂದಿನ ಬೀದಿಯ ಕೊಬ್ಬರಿ ವ್ಯಾಪಾರದ ಮರುಳಪ್ಪನ ಎರಡನೇ ಮಗಳು, ಚೂಟಿ. ಆರೂ ಜನ ಮೊದಲ ದಿನ, ದೇವಸ್ಥಾನದ ಗೋಡೆಯ ಮೇಲಿನ ನಾಟ್ಯದ ಬೊಂಬೆಗಳನ್ನು ಬರೆಯುತ್ತೇವೆ ಎಂದು ಕುಣಿದರು. ಮೇಷ್ಟ್ರು ರೂಮಿನಿಂದ ಒಂದು ಸ್ಟೂಲು ತಂದಿಟ್ಟು ಅದರ ಮೇಲೆ ನಮ್ಮ ಮನೆಯ ಹಿತ್ತಾಳೆ ಚೊಂಬು ಕೂರಿಸಿದರು.

“ಅದನ್ನ ಕಲ್ಲಲ್ಲಿ ಬರೆದೋರು ಬರೆದಾಯ್ತು. ನೀವು ಚೊಂಬು ಬರೀರಿ.”

ಬರೆದರು. ಆರೂ ಚೊಂಬಿಗೆ ಹುಣ್ಣಿಮೆ ಚಂದ್ರನ ಹಾಗೆ ಗುಂಡನೆಯ ಬಾಯಿ. ನಾನು ಅಂಗಡಿಯಿಂದಲೇ ನೋಡಿ, ಪರವಾಗಿಲ್ಲವೇ, ಚೊಂಬಿನ ಹಾಗೇ ಇದೆ ಎಂದುಕೊಂಡೆ. ಮೇಷ್ಟ್ರು ಕೇಳಿದರು:

“ಬಾಯಿ ದುಂಡಗೆ ಯಾಕೆ ಬರೆದ್ರಿ?”

“ದುಂಡಗೈತಲ್ಲ ಸಾರ್” ಎಂದಳು ನಾಗರತ್ನ.

“ದುಂಡಗಿರೋದು ನಿನಗೆ ಗೊತ್ತು. ಕೂತ ಜಾಗದಿಂದ ಕಾಣುತ್ತಾ? ಗೊತ್ತಿರೋದನ್ನ ಬರೀಬೇಡಿ, ಕಾಣೋದನ್ನ ಬರೀರಿ. ಒಂದು ಕಣ್ಣು ಮುಚ್ಚಿ ನೋಡಿ. ಅದು ಮಲಗಿಸಿದ ಅವರೆಕಾಳು.”

ನನಗೆ ತಡೆಯಲಾಗಲಿಲ್ಲ. “ಅಲ್ಲ ಮೇಷ್ಟ್ರೇ, ಅವರೆಕಾಳಿನಂಗೆ ಬಾಯಿ ಬರೆದ್ರೆ ಅದ್ರೊಳಕ್ಕೆ ನೀರು ಹೆಂಗೆ ಹುಯ್ಯೋದು?” ಎಂದು ಕೂಗಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ನಗಲಿಲ್ಲ. “ನಿಮ್ಮ ಅಜ್ಜಿ ಕೇಳಿದ್ದು ಒಳ್ಳೇ ಪ್ರಶ್ನೆ. ಉತ್ತರ ಅವರೇ ಕಂಡ್ಕೋಬೇಕು” ಎಂದರು.

ಹೀಗೆ ಮೂರು ತಿಂಗಳು ನಡೆಯಿತು. ಚೊಂಬು ಹೋಗಿ ಲಾಟೀನು ಬಂತು, ಲಾಟೀನು ಹೋಗಿ ಅಂಗಡಿಯ ಅಳತೆಯ ಸೇರು ಬಂತು, ಪಾವು ಬಂತು. ಸ್ಕೂಲಿನಲ್ಲಿ ಬಾಯಿ ಬಿಡದ ನನ್ನ ರೂಪ ಊಟಕ್ಕೆ ಕೂತರೆ ಮಾತು, ಎದ್ದರೆ ಮಾತು. “ಅಜ್ಜಿ, ನಿನ್ನ ಮೂಗು ಕಿವಿಯಷ್ಟೇ ಉದ್ದ ಐತೆ, ಅಳೆದೆ” ಎನ್ನುವಳು. ಬೇಲೂರಿನಲ್ಲಿ ಪರೀಕ್ಷೆ ಎಂದು ಗೊತ್ತಾಯಿತು. ಆರೂ ಜನರ ಹೆಸರು ಬರೆಸಿ, ಫೀಜನ್ನೂ ಮೇಷ್ಟ್ರೇ ಕಟ್ಟಿ ಬಂದರು.

ಪರೀಕ್ಷೆಗೆ ಒಂದು ತಿಂಗಳಿದ್ದಾಗ ಆಗಬಾರದ್ದು ಆಯಿತು.

ಆ ಭಾನುವಾರದ ಪಾಠ ನಿಂತ ಮನುಷ್ಯನ ಅಳತೆ. “ಮನುಷ್ಯರು ಸುಮ್ಮನೆ ನಿಲ್ಲೋದೇ ಕಮ್ಮಿ. ಬಸ್ಸಿಗೆ ಕಾಯೋವಾಗ ಮಾತ್ರ ನಿಲ್ತಾರೆ. ಅಗೋ, ಅಲ್ಲಿ ನೋಡಿ, ತಲೆ ಎಷ್ಟು ಸಲ ಬರುತ್ತೆ ಎಣಿಸಿ” ಎಂದು ಮೇಷ್ಟ್ರು ಬಸ್ ಸ್ಟ್ಯಾಂಡಿನ ಕಡೆ ತೋರಿಸಿ ಒಳಗೆ ಕಾಗದ ತರಲು ಹೋದರು.

ಅವತ್ತೇ ಮರುಳಪ್ಪನ ದೊಡ್ಡ ಮಗಳನ್ನು ನೋಡಲು ಬಾಣಾವರದಿಂದ ಗಂಡಿನ ಕಡೆಯವರು ಬಂದಿದ್ದರು. ನಮ್ಮಲ್ಲಿ ಅಕ್ಕನನ್ನು ನೋಡಲು ಬಂದಾಗ ತಂಗಿಯನ್ನು ಮನೆಯಲ್ಲಿ ಇರಿಸಿಕೊಳ್ಳುವುದಿಲ್ಲ. ಗಂಡಿನ ಕಣ್ಣು ಎಲ್ಲಿ ಚಿಕ್ಕವಳ ಮೇಲೆ ಬೀಳುತ್ತದೋ ಎಂಬ ಹೆದರಿಕೆ. ಅದಕ್ಕೆ ಮರುಳಪ್ಪ ಬೆಳಿಗ್ಗೆಯೇ ನಾಗರತ್ನಳನ್ನು ಕ್ಲಾಸಿಗೆ ಕಳಿಸಿಬಿಟ್ಟಿದ್ದ. ಹುಡುಗ ಕಪ್ಪಗೋ ಬೆಳ್ಳಗೋ ಅವಳಿಗೆ ಗೊತ್ತಿಲ್ಲ. ಶಾಸ್ತ್ರ ಮುಗಿಸಿ, ಉಪ್ಪಿಟ್ಟು ಕೇಸರಿಬಾತು ತಿಂದು, ಮನಸ್ಸಿಗೆ ಒಪ್ಪಿಗೆಯಾಗಿಯೇ ಗಂಡಿನ ಕಡೆಯವರು ಬಸ್ಸಿಗೆ ಬಂದು ನಿಂತಿದ್ದಾರೆ. ಮರುಳಪ್ಪ ಕಾಯಿ ಚೀಲ ಹಿಡಿದುಕೊಂಡು ಅವರ ಹಿಂದೆ, ಜಗಲಿಗೆ ಕಾಣದ ಹಾಗೆ ನಿಂತಿದ್ದಾನೆ. ಹುಡುಗ ನೀಲಿ ಶರ್ಟು ಹಾಕಿ, ಅಮ್ಮನ ಪಕ್ಕ ಕಂಬದ ಹಾಗೆ ನೆಟ್ಟಗೆ ನಿಂತಿದ್ದ. ಅಳೆಯುವುದಕ್ಕೆ ಅಷ್ಟು ಚೆನ್ನಾಗಿ ನಿಂತವನು ಇನ್ನೊಬ್ಬನಿರಲಿಲ್ಲ.

ಆರು ಕೈ ಚಾಚಿದವು. ಆರು ಕಣ್ಣು ಮುಚ್ಚಿದವು.

“ಏಳೂವರೆ!” ಎಂದು ಕೂಗಿದಳು ನಾಗರತ್ನ. “ಆ ನೀಲಿ ಶರ್ಟಿನೋರು ಏಳೂವರೆ ಕಣ್ರೇ!”

“ನಂಗೂ ಏಳೂವರೆ!”

“ಹ್ಞೂಂ ಕಣೇ, ಏಳೂವರೇನೇ!”

ಏಳೂವರೆ ಎಂದರೆ ನಮ್ಮ ಕಡೆ ಶನಿಯ ಮಾತು. ಶನಿ ಹೆಗಲೇರಿದರೆ ಏಳೂವರೆ ವರ್ಷ ಇಳಿಯುವುದಿಲ್ಲ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಹೆಣ್ಣು ಒಪ್ಪಿ ಹೊರಟ ಮಗನನ್ನು ನೋಡಿ ಬೀದಿಯಲ್ಲಿ ಆರು ಹುಡುಗಿಯರು ಏಳೂವರೆ ಎಂದು ಕೂಗಿದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಆಕೆ ತಿರುಗಿ ನೋಡಿದರು. ನೋಡಿದರೆ ಆರೂ ಜನ ಸಾಲಾಗಿ ಕೂತು ಮಗನಿಗೆ ಕಣ್ಣು ಹೊಡೆಯುತ್ತಿದ್ದಾರೆ! ಬಾಣಾವರದ ಬಸ್ಸು ಬಂತು. ಒಂದು ಮಾತಿಲ್ಲದೆ ಹತ್ತಿದರು. ಕಾಯಿ ಚೀಲ ಮರುಳಪ್ಪನ ಕೈಯಲ್ಲೇ ಉಳಿಯಿತು.

ಆ ಚೀಲ ಹಿಡಿದುಕೊಂಡೇ ಮರುಳಪ್ಪ ನಮ್ಮ ಜಗಲಿಗೆ ಬಂದ. ಮಗಳ ರಟ್ಟೆ ಹಿಡಿದು ಎಬ್ಬಿಸಿದ.

“ಏನ್ ಮೇಷ್ಟ್ರೇ, ಓದಿದೋರು ನೀವು! ಹೆಣ್ಮಕ್ಳಿಗೆ ಕಣ್ಣು ಹೊಡೆಯೋದು ಹೇಳ್ಕೊಡ್ತಾ ಇದೀರಾ?”

“ಹೊಡೆಯೋದಲ್ಲ ಮರುಳಪ್ಪನವರೇ, ಮುಚ್ಚೋದು.”

“ಎರಡಕ್ಕೂ ಏನ್ರೀ ವ್ಯತ್ಯಾಸ?”

“ಹೊಡೆದ ಕಣ್ಣು ತಕ್ಷಣ ತೆಗೆಯುತ್ತೆ. ಇದು ಎಣಿಕೆ ಮುಗಿಯೋವರೆಗೂ ತೆಗೆಯಲ್ಲ.”

ಮೇಷ್ಟ್ರು ನಿಜವನ್ನೇ ಹೇಳಿದರು, ಆದರೆ ಬಸ್ಸಿಗೆ ನಿಂತವರು ಯಾರೋ ಕಿಸಕ್ಕನೆ ನಕ್ಕರು. ಮರುಳಪ್ಪನಿಗೆ ಇನ್ನೂ ಏರಿತು.

“ಏಳೂವರೆ ಏಳೂವರೆ ಅಂತ ಬಡ್ಕೊಂಡ್ರಲ್ಲ, ಅದೇನು?”

“ತಲೆ. ಏಳೂವರೆ ತಲೆ. ಒಳ್ಳೇ ಎತ್ತರದ ಹುಡುಗ.”

“ನಮ್ಮ ಮನೆ ತಲೆ ಹೋಯ್ತಲ್ಲ ಸ್ವಾಮಿ! ಹೆಣ್ಮಕ್ಳು ಅಂದ್ರೆ ನೆಲ ನೋಡ್ಕೊಂಡು ಓಡಾಡ್ಬೇಕು.”

ಮೇಷ್ಟ್ರು ಮೆಲ್ಲಗೆ ಅಂದರು: “ನೆಲ ನೋಡ್ಕೊಂಡೇ ಇದ್ರೆ ನೆಲದ ಚಿತ್ರ ಒಂದೇ ಬರೀಬೇಕಾಗುತ್ತೆ.”

ಅಷ್ಟೇ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಒಂದ್ಕಣ್ಣು ಮೇಷ್ಟ್ರು ಹುಡುಗಿಯರಿಗೆ ಕಣ್ಣು ಹೊಡೆಯುವ ಪಾಠ ಮಾಡುತ್ತಾರೆ ಎಂದು ಮಾತಾಯಿತು. ಆರು ಮನೆಯವರೂ ಮಕ್ಕಳನ್ನು ಬಿಡಿಸಿದರು. ಆರು ಮನೆಯಲ್ಲಿ ನಮ್ಮದೂ ಒಂದು. ಬಿಡಿಸಿದವಳು ನಾನೇ. ಮಗ ಡ್ಯೂಟಿಯ ಮೇಲಿದ್ದ, ಯಜಮಾನರು “ನಿಧಾನ ಕಣೇ” ಎಂದರು. ನಾನು ಕೇಳಲಿಲ್ಲ. ಮರುಳಪ್ಪ ಅಂದದ್ದು ನನಗೆ ಸರಿ ಅನ್ನಿಸಿತ್ತು. ನನ್ನ ತಾಯಿ ನನಗೆ ಅದನ್ನೇ ಹೇಳಿ ಬೆಳೆಸಿದ್ದಳು.

ರೂಪ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಮತ್ತೆ ಬಾಯಿ ಮುಚ್ಚಿಕೊಂಡಳು. ಪೊಟ್ಟಣದ ಕಾಗದದ ಮೇಲೆ ಒಂದು ಗೆರೆಯೂ ಇಲ್ಲ. ಅಂಗಡಿಯಲ್ಲಿ ಗಲ್ಲದ ಮೇಲೆ ಕೈಯಿಟ್ಟು, ಕಣ್ಣು ಇಷ್ಟಗಲ ತೆರೆದು, ರೆಪ್ಪೆ ಬಡಿಯದೆ ಕೂತಿರುವಳು.

“ಯಾಕೆ ಹಂಗೆ ಗೂಬೆಯಂಗೆ ಕುಂತಿದೀಯೇ?” ಎಂದು ಕೇಳಿದೆ.

“ಎರಡೂ ತೆಗೆದಿದೀನಿ ಅಜ್ಜಿ. ನೋಡ್ಕೋ. ಮುಚ್ಚಿದ್ರೆ ನೀನು ಬೈತೀಯ.”

ಮುಂದಿನ ಭಾನುವಾರ ಬಂತು. ಮೇಷ್ಟ್ರು ಜಗಲಿ ಗುಡಿಸಿದರು. ಚಾಪೆ ಹಾಸಿದರು. ಕಾಗದದ ಅಡಿಗೆ ಇಟ್ಟುಕೊಳ್ಳುವ ಆರು ಜನರ ಆರು ರಟ್ಟು ಸಾಲಾಗಿ ಇಟ್ಟರು. ಸ್ಟೂಲಿನ ಮೇಲೆ ಚೊಂಬು ಕೂರಿಸಿ, ಅದರ ಎದುರಿಗೆ ಎರಡು ಗಂಟೆ ಹೊತ್ತು ಒಬ್ಬರೇ ಕೂತಿದ್ದು, ಎಲ್ಲ ಎತ್ತಿಟ್ಟು ಒಳಗೆ ಹೋದರು. ಅದರ ಮುಂದಿನ ಭಾನುವಾರವೂ ಹಾಗೇ. ದಾರಿಯಲ್ಲಿ ಹೋಗುವವರು ನೋಡಿ ನಗುತ್ತಿದ್ದರು. ನನಗೆ ಮೈಯೆಲ್ಲ ಮುಳ್ಳು. ಇವರು ಬೇರೆ ರೂಮು ನೋಡಿಕೊಂಡರೆ ಈ ಪೀಡೆ ಮುಗಿಯುತ್ತದೆ ಎಂದುಕೊಂಡು, ಹೇಳಿಯೇಬಿಡೋಣ ಎಂದು ಜಗಲಿಗೆ ಹೋದೆ.

“ಬನ್ನಿ ಗೌರಮ್ಮನವರೇ, ಕೂತ್ಕೊಳ್ಳಿ” ಎಂದು ಚಾಪೆ ತೋರಿಸಿದರು.

“ಕೂರಕ್ಕೆ ಬಂದಿಲ್ಲ ಮೇಷ್ಟ್ರೇ. ಒಂದು ಮಾತು ಹೇಳೋಕೆ ಬಂದೆ.”

“ಹೇಳುವಿರಂತೆ. ಅವತ್ತು ಒಂದು ಪ್ರಶ್ನೆ ಕೇಳಿದ್ರಲ್ಲ, ಚೊಂಬಿನೊಳಗೆ ನೀರು ಹುಯ್ಯೋದು ಹೆಂಗೆ ಅಂತ. ಅದು ಬಾಕಿ ಇದೆ. ಮೊದಲು ಅದು ಮುಗೀಲಿ.”

ಅವರ ದನಿಯಲ್ಲಿ ಏನಿತ್ತೋ, ಕೂತೆ. ಪೆನ್ಸಿಲು ಕೊಟ್ಟು ಕೈ ಚಾಚಿ ಎಂದರು, ಚಾಚಿದೆ. ಒಂದು ಕಣ್ಣು ಮುಚ್ಚಿ ಎಂದರು. ನೋಡಿ, ನನಗೆ ಆಗಲೇ ಗೊತ್ತಾದದ್ದು, ನನಗೆ ಒಂದು ಕಣ್ಣು ಮುಚ್ಚಲು ಬರುವುದೇ ಇಲ್ಲ! ಎಡಗಣ್ಣು ಮುಚ್ಚಿದರೆ ಬಲಗಣ್ಣೂ ಮುಚ್ಚಿಕೊಳ್ಳುತ್ತದೆ, ಬಾಯಿ ಕಿವಿಯ ಕಡೆಗೆ ಹೋಗುತ್ತದೆ. ಮೂರು ಸಲ ಪಾಡುಪಟ್ಟೆ. ಕೊನೆಗೆ ಎಡಗೈಯಿಂದ ಎಡಗಣ್ಣನ್ನು ಒತ್ತಿ ಹಿಡಿದುಕೊಂಡೆ.

“ಎರಡು ಕಣ್ಣು ಅಂದ್ರೆ ಎರಡು ಸಾಕ್ಷಿ ಅಮ್ಮಾ. ಒಂದೊಂದು ಒಂದೊಂದು ಹೇಳುತ್ತೆ. ಒಬ್ಬನ್ನ ಹೊರಗೆ ಕಳಿಸಿ ಇನ್ನೊಬ್ಬನ್ನ ಕೇಳ್ಬೇಕು. ಈಗ ಚೊಂಬಿನ ಬಾಯಿ ಅಡ್ಡಕ್ಕೆ ಅಳೀರಿ. ಆಯ್ತಾ? ಅದೇ ಬಾಯಿ ಉದ್ದಕ್ಕೆ ಅಳೀರಿ.”

ಅಡ್ಡಕ್ಕೆ ಹೆಬ್ಬೆರಳಿನಷ್ಟು ಬಂತು. ಉದ್ದಕ್ಕೆ ಉಗುರಿನ ಅಂಚಿನಷ್ಟೂ ಬರಲಿಲ್ಲ. ಮಲಗಿಸಿದ ಅವರೆಕಾಳು! ನನಗಾಗ ಐವತ್ತೆಂಟು ವರ್ಷ. ಎಷ್ಟು ಸಲ ಹುಣಸೆಹಣ್ಣು ಹಾಕಿ ಆ ಚೊಂಬು ಬೆಳಗಿಲ್ಲ ನಾನು? ಅದರ ಬಾಯಿ ಹೇಗೆ ಕಾಣುತ್ತದೆ ಎಂದು ಅವತ್ತು ನೋಡಿದೆ. ನನಗೆ ಗೊತ್ತಿತ್ತು, ನಾನು ಕಂಡಿರಲಿಲ್ಲ. ಹಾಗೆ ಇನ್ನೇನೇನು ಗೊತ್ತು ಎಂದುಕೊಂಡು ಕಾಣದೆ ಬಿಟ್ಟಿದ್ದೆನೋ! ಮೊಮ್ಮಗಳು ದಡ್ಡಿ ಎಂಬುದೂ ನನಗೆ ಗೊತ್ತೇ ಇತ್ತಲ್ಲ!

ರೂಮು ಬಿಡಿ ಎನ್ನಲು ಹೋದವಳು, “ಪರೀಕ್ಷೆ ಯಾವತ್ತು ಮೇಷ್ಟ್ರೇ?” ಎಂದು ಕೇಳಿದೆ.

“ಇನ್ನು ಹದಿನೈದು ದಿನ.”

“ರೂಪಾ! ಪೆನ್ಸಿಲ್ ತಗಂಡು ಬಾರೇ!” ಎಂದು ಅಲ್ಲಿಂದಲೇ ಕೂಗಿದೆ. ಅವಳು ಹೊಸಿಲು ಎಡವಿಕೊಂಡು ಓಡಿ ಬಂದಳು.

ಅದೇ ಹೊತ್ತಿಗೆ ಮರುಳಪ್ಪ ಆ ದಾರಿಯಲ್ಲಿ ಬರಬೇಕೇ? ಜಗಲಿಯ ಮುಂದೆ ನಿಂತ.

“ಏನ್ ಗೌರಕ್ಕ, ಮತ್ತೆ ಶುರುವಾಯ್ತಾ ಕಣ್ಣಾಟ?”

ನನಗೆ ಎಲ್ಲಿಂದ ಧೈರ್ಯ ಬಂತೋ! ಎದ್ದು ನಿಂತು, ಬಲಗೈಯನ್ನು ಅವನ ಕಡೆಗೆ ಚಾಚಿ, ಎಡಗಣ್ಣನ್ನು ಕೈಯಿಂದ ಒತ್ತಿ ಹಿಡಿದು, ಹೆಬ್ಬೆರಳು ಜಾರಿಸಿ ಎಣಿಸತೊಡಗಿದೆ. ಒಂದು, ಎರಡು, ಮೂರು. ಬಸ್ ಸ್ಟ್ಯಾಂಡಿನಲ್ಲಿ ಇದ್ದವರೆಲ್ಲ ಇತ್ತ ತಿರುಗಿದರು.

“ಅಲುಗಾಡ್ಬೇಡ ಮರುಳಪ್ಪ, ತಪ್ಪೋಯ್ತದೆ. ಐದು, ಆರು, ಆರೂವರೆ. ಅಷ್ಟೇನೇ ನೀನು! ನಿಂಗೆ ಶನಿ ಹಿಡಿಯೋಕೂ ಇನ್ನೊಂದು ತಲೆ ಬೇಕಲ್ಲೋ!”

ಜನ ಹೋ ಎಂದು ನಕ್ಕರು. ಒಳಗೆ ನಮ್ಮ ಯಜಮಾನರು ಕೆಮ್ಮುವ ಹಾಗೆ ನಟಿಸುತ್ತಿದ್ದರು. ಮರುಳಪ್ಪನ ಮುಖ ಕೆಂಪಾಯಿತು.

“ನಿನ್ನ ಮಾತು ಬುಡು ಗೌರಕ್ಕ. ನಿನ್ನ ವಯಸ್ಸಿಗೆ ನೀನು ಕಣ್ಣು ಮುಚ್ಚಿದ್ರೆ ಕೇಳೋರ್ಯಾರು?”

“ನಾನೂ ಅದೇ ಹೇಳ್ತಿರೋದು ಕಣಪ್ಪ. ಐವತ್ತೆಂಟಕ್ಕೆ ಯಾರೂ ಕೇಳಕಿಲ್ಲ. ಹನ್ನೆರಡಕ್ಕೆ ಊರೆಲ್ಲ ಕೇಳ್ತೈತೆ. ನಾನು ನೋಡೋಕೆ ಐವತ್ತೆಂಟು ವರ್ಷ ಆಯ್ತು. ಈ ಮಕ್ಕಳು ಈಗ್ಲೇ ನೋಡ್ಲಿ ಬುಡು.”

ಅವನು ನೆಲ ನೋಡಿಕೊಂಡು ಹೋದ. ಮೇಷ್ಟ್ರು ನನ್ನ ಕೈಯಿಂದ ಪೆನ್ಸಿಲು ವಾಪಸ್ಸು ತೆಗೆದುಕೊಂಡು, “ಕೈ ಇನ್ನೂ ಸ್ವಲ್ಪ ಚಾಚಬೇಕಿತ್ತು. ಮೊಣಕೈ ಮಡಿಸಿದ್ರಿ, ಅಳತೆ ಕಾಲು ತಲೆ ಹೆಚ್ಚುಕಮ್ಮಿ ಆಗಿರುತ್ತೆ” ಎಂದರು.

ನಾನೇ ಚಾಪೆಯ ಮೇಲೆ ಕೂತದ್ದು ಕೇಳಿ ಮಿಕ್ಕ ಮನೆಯವರೂ ಮನಸ್ಸು ಬದಲಿಸಿದರು, ಮರುವಾರ ಐದು ಹುಡುಗಿಯರು ಬಂದರು. ನಾಗರತ್ನ ಬರಲಿಲ್ಲ. ಬರುವುದಕ್ಕೆ ಬಿಡಲಿಲ್ಲ. ಬಾಣಾವರದ ಸಂಬಂಧ ಕೂಡಿಬರಲೇ ಇಲ್ಲ, ಅದಕ್ಕೆ ಬೇರೆ ಕಾರಣವೂ ಇತ್ತು ಎಂದು ಆಮೇಲೆ ತಿಳಿಯಿತು. ದೊಡ್ಡ ಹುಡುಗಿಗೆ ಮರುವರ್ಷ ತಿಪಟೂರಿನ ಕಡೆ ಇನ್ನೂ ಒಳ್ಳೆಯ ಮನೆ ಸಿಕ್ಕಿತು. ಆದರೂ ಮರುಳಪ್ಪ ಚಿಕ್ಕವಳನ್ನು ಮಾತ್ರ ಜಗಲಿ ಹತ್ತಲು ಬಿಡಲಿಲ್ಲ. ಆ ಮಗು ಭಾನುವಾರ ನಲ್ಲಿಗೆ ಬರುವಾಗ ಕೊಡ ಹೊತ್ತುಕೊಂಡು ನಮ್ಮ ಮುಂದೆ ನಿಧಾನ ಮಾಡುತ್ತಿದ್ದಳು. ಮೇಷ್ಟ್ರು ಅದನ್ನು ನೋಡಿದ ಮೇಲೆ ಸ್ಟೂಲನ್ನು ಜಗಲಿಯ ಅಂಚಿಗೆ, ರಸ್ತೆಗೆ ಕಾಣುವ ಹಾಗೆ ಇಡತೊಡಗಿದರು. ಪಾಠವನ್ನೂ ದಾರಿಯಲ್ಲಿ ಹೋಗುವವರಿಗೆ ಕೇಳಿಸುವಷ್ಟು ಜೋರಾಗಿ ಹೇಳುತ್ತಿದ್ದರು. ಯಾಕೆ ಕೂಗಾಡ್ತೀರಿ ಮೇಷ್ಟ್ರೇ ಎಂದರೆ, “ಆರನೇ ಹುಡುಗಿ ಸ್ವಲ್ಪ ದೂರ ಕೂತಿದ್ದಾಳೆ” ಎನ್ನುವರು. ಆದರೆ ನಿಧಾನ ಮಾಡಿದ ಮಾತ್ರಕ್ಕೆ ಪರೀಕ್ಷೆ ಬರೆದಂತಾಗುತ್ತದೆಯೇ? ಅದೊಂದು ನನಗೆ ಈಗಲೂ ಚುಚ್ಚುತ್ತದೆ.

ಬೇಲೂರಿಗೆ ಐದು ಜನರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದವಳು ನಾನೇ. ಪರೀಕ್ಷೆಗೆ ಬಕೆಟ್ಟು, ಮಗ್ಗು ಇಟ್ಟಿದ್ದರಂತೆ. ನಾಲ್ವರು ಪಾಸಾದರು, ಒಬ್ಬಳು ಮುಂದಿನ ಸಲ ಪಾಸಾದಳು. ನನ್ನ ರೂಪ ಫಸ್ಟ್ ಕ್ಲಾಸು! ಅಂಗಡಿಗೆ ಬಂದವರಿಗೆಲ್ಲ ಬೆಲ್ಲ ಹಂಚಿದೆ, ತೂಕ ಮಾಡದೆ ಹಂಚಿದೆ. ಮೇಷ್ಟ್ರು ಅಂಕಪಟ್ಟಿ ಹಿಂದೆ ಮುಂದೆ ತಿರುಗಿಸಿ ನೋಡಿ, “ಹ್ಞೂಂ. ಹೈಯರ್‌ಗೆ ಕಟ್ಟು” ಎಂದರು.

ಮೇಷ್ಟ್ರು ನಮ್ಮ ರೂಮಿನಲ್ಲಿ ಆರು ವರ್ಷ ಇದ್ದರು. ಆಮೇಲೆ ಉಬ್ಬಸ ಹೆಚ್ಚಾಗಿ ತಮ್ಮ ಬಂದು ಊರಿಗೆ ಕರೆದುಕೊಂಡು ಹೋದ. ರೂಪ ಹೈಯರ್ ಮಾಡಿದಳು, ಹಾಸನದಲ್ಲಿ ಚಿತ್ರಕಲೆಯ ಓದು ಓದಿದಳು. ಒಂದು ಮಧ್ಯಾಹ್ನ ಕೈಯಲ್ಲಿ ಕಾಗದ ಹಿಡಿದು ಬಂದು, “ಅಜ್ಜಿ, ಅರಸೀಕೆರೆ ಹೈಸ್ಕೂಲಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಆಯ್ತು” ಎಂದಳು. ಯಾರ ಮನೆಯಲ್ಲಿ ಟೀಚರು? ನಮ್ಮ ಮನೆಯಲ್ಲಿ! ನಾನು ಅವಳ ಕೆನ್ನೆ ಹಿಂಡಿದೆನೋ, ಮುತ್ತು ಕೊಟ್ಟೆನೋ, ಅತ್ತೆನೋ, ಮೂರೂ ಮಾಡಿದೆನೋ ಗೊತ್ತಿಲ್ಲ. ಎರಡನೇ ಕ್ಲಾಸಿಗೆ ಬಿಟ್ಟವಳ ಮೊಮ್ಮಗಳು ಹೈಸ್ಕೂಲಿನ ಬೋರ್ಡಿನ ಮುಂದೆ ನಿಲ್ಲುತ್ತಾಳೆ ಎಂದರೆ ನಾನು ನೆಲದ ಮೇಲೆ ಹೇಗೆ ನಿಲ್ಲಲಿ? ಮಾರನೇ ದಿನವೇ ಇಬ್ಬರೂ ಹೊರಟೆವು, ಮೇಷ್ಟ್ರಿಗೆ ಹೇಳಲು.

ಗೆಂಡೆಹಳ್ಳಿಯಲ್ಲಿ ಬಸ್ಸಿಳಿದು ಒಂದು ಮೈಲಿ ನಡಿಗೆ. ಮೇಷ್ಟ್ರು ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಬೆಳೆದಿತ್ತು, ಉಸಿರು ಎಳೆದುಕೊಂಡರೆ ಸಿಳ್ಳೆ ಹೊಡೆದ ಹಾಗೆ ಸದ್ದು. ರೂಪ ಕಾಲಿಗೆ ಬಿದ್ದಳು. ವಿಷಯ ಹೇಳಿದೆವು. ಮೇಷ್ಟ್ರು ಕೇಳಿದರು:

“ಎಷ್ಟು ಮಕ್ಕಳು ಕ್ಲಾಸಿಗೆ?”

“ಐವತ್ತರ ಮೇಲೆ ಇದಾರಂತೆ ಸಾರ್.”

“ಹೆಣ್ಮಕ್ಕಳು?”

“ಅರ್ಧಕ್ಕರ್ಧ ಸಾರ್.”

ತಲೆ ಆಡಿಸಿದರು. ಆಮೇಲೆ ಕೇಳಿದರು: “ಬ್ಯಾಗಲ್ಲಿ ಪೆನ್ಸಿಲ್ ಇದೆಯಾ? ನನ್ನ ಬರಿ.”

“ಈಗ್ಲಾ ಸಾರ್? ನಿಮಗೆ ಆಯಾಸ ಆಗುತ್ತೆ.”

“ಮುಂದಿನ ಸಲ ನೆಟ್ಟಗೆ ಕೂರೋಕೆ ಆಗುತ್ತೋ ಇಲ್ವೋ. ಈಗ ಆಗುತ್ತೆ. ಬರಿ.”

ಅವರು ಹೇಳಿದ್ದೇ ಆಯಿತು. ಎರಡು ತಿಂಗಳ ಮೇಲೆ ನಾವು ಮತ್ತೆ ಹೋಗುವ ಹೊತ್ತಿಗೆ ಮಂಚ ಎತ್ತಿ ಗೋಡೆಗೆ ಒರಗಿಸಿದ್ದರು. ಆದರೆ ಅವತ್ತು ಅದು ನಮಗೆ ಗೊತ್ತಿಲ್ಲ. ರೂಪ ನೆಲದ ಮೇಲೆ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯತೊಡಗಿದಳು. ಒಂದು ಸಲ ತಲೆ ಎತ್ತುವಳು, ತಕ್ಷಣ ಇಳಿಸುವಳು. ಗುರುಗಳನ್ನು ಆ ಸ್ಥಿತಿಯಲ್ಲಿ ನೋಡಲು ಅವಳಿಗೆ ಸಂಕಟ.

“ನೋಡ್ತಾ ಇಲ್ಲ ನೀನು” ಎಂದರು ಮೇಷ್ಟ್ರು. “ಕಾಯಿಲೆಯೋನು ಅಂತ ಮರ್ಯಾದೆಗೆ ಕಣ್ಣು ತಪ್ಪಿಸಿದ್ರೆ, ಚಿತ್ರದಲ್ಲಿ ಬೇರೆ ಯಾರೋ ಬಂದು ಕೂತ್ಕೋತಾರೆ. ನನ್ನ ಮುಖ ನೋಡು ರೂಪ. ಮುಖದಲ್ಲಿ ಏನಿದೆಯೋ ಅದನ್ನ ಬರಿ.”

ರೂಪ ಮೂಗು ಒರೆಸಿಕೊಂಡು ತಲೆ ಎತ್ತಿದಳು. ಆಮೇಲೆ ಇಳಿಸಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತ ಕೂತರು. ಪೆನ್ಸಿಲಿನ ಸರಸರ ಒಂದು, ಅವರ ಉಸಿರಿನ ಸಿಳ್ಳೆ ಒಂದು, ಬೇರೆ ಸದ್ದಿಲ್ಲ.

ನಾನು ಬಾಗಿಲ ಬಳಿ ನಿಂತಿದ್ದೆ. ಆರು ವರ್ಷ ನಮ್ಮ ಜಗಲಿಯಲ್ಲಿ ಕೂತವರು, ನಮ್ಮ ಮನೆಯಲ್ಲಿ ಉಂಡವರು. ಅವರ ಹತ್ತಿರ ನಾನು ಆಡದ ಮಾತಿಲ್ಲ, ಮಾಡದ ಜಗಳವಿಲ್ಲ. ಆದರೆ ಮಾತಾಡುವಾಗ ನನ್ನ ನೋಟ ತಕ್ಕಡಿಯ ಮುಳ್ಳಿನ ಮೇಲೋ, ಅವರ ಕೈಯ ಪೆನ್ಸಿಲಿನ ಮೇಲೋ ಇರುತ್ತಿತ್ತು. ನನ್ನ ಬಾಯಿಗೆ ಯಾವತ್ತೂ ಸೆರಗಿರಲಿಲ್ಲ, ಕಣ್ಣಿಗಿತ್ತು. ಮೊಮ್ಮಗಳು ನೋಡುತ್ತಿದ್ದ ಕಡೆ ಅವತ್ತು ನಾನೂ ನೋಡಿದೆ. ಬಲ ಹುಬ್ಬಿನ ಪಕ್ಕ ಒಂದು ಹಳೆಯ ಗಾಯದ ಗೆರೆ. ಕೆಳತುಟಿಯಲ್ಲಿ ಒಂದು ಸಣ್ಣ ಸೀಳು. ಕಣ್ಣು ಕಪ್ಪು ಎಂದೇ ನಾನು ತಿಳಿದಿದ್ದೆ. ಕಪ್ಪಲ್ಲ. ಕಿಟಕಿಯ ಬಿಸಿಲು ಬಿದ್ದಾಗ ಅವು ಹೊಸ ಜೇನುತುಪ್ಪದ ಬಣ್ಣ.